ಮನೆಮಗಳೂ ಅಲ್ಲ, ಮನೆಗೆಲಸದವಳೂ ಅಲ್ಲ

ಹಾಸನ ಜಿಲ್ಲೆಯ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳಿಗೆ 22 ವರ್ಷ. ಬಿ.ಎ. ಮುಗಿಸಿದ ಮೇಲೆ ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಆರು ತಿಂಗಳಿಂದ ಜರ್ಮನ್ ಭಾಷೆ ಕಲಿಯುತ್ತಿದ್ದಾಳೆ. ಯುಗಾದಿಗೆಂದು ಊರಿಗೆ ಬಂದವಳು ಊಟಕ್ಕೆ ಕುಳಿತಾಗ, ತಾನು ಒಂದು ವರ್ಷದ ಮಟ್ಟಿಗೆ ಜರ್ಮನಿಗೆ ಹೋಗುತ್ತೇನೆ, ಅಲ್ಲಿ ಒಂದು ಮನೆಯಲ್ಲಿದ್ದು ಅವರ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದಳಂತೆ. ತಂದೆ ಅರ್ಧ ಊಟಕ್ಕೇ ಎದ್ದರಂತೆ. 'ಇಷ್ಟು ಓದಿಸಿದ್ದು ಬೇರೆಯವರ ಮನೆ ಪಾತ್ರೆ ತೊಳೆಯುವುದಕ್ಕಾ? ಅದಕ್ಕೆ ಜರ್ಮನಿಗೆ ಯಾಕೆ ಹೋಗಬೇಕು, ಇಲ್ಲೇ ನಾಲ್ಕು ಮನೆ ಇದೆ' ಎಂದರಂತೆ. ಪತ್ರದ ಕೊನೆಯಲ್ಲಿ ತಾಯಿ ಕೇಳಿದ್ದಾರೆ: 'ಮನೆ ಮಗಳ ಹಾಗೆ ನೋಡಿಕೊಳ್ಳುತ್ತಾರೆ ಅಂತ ಅವಳು ಹೇಳುತ್ತಾಳೆ. ಇದು ನಿಜವೇ? ಕಳಿಸಬಹುದೇ?'

ತಂದೆಯ ಸಿಟ್ಟಿನಲ್ಲೂ ಒಂದು ಪ್ರಶ್ನೆಯಿದೆ, ತಾಯಿಯ ಆತಂಕದಲ್ಲೂ ಒಂದು ಪ್ರಶ್ನೆಯಿದೆ. ಎರಡಕ್ಕೂ ಉತ್ತರ ಹುಡುಕಲು ಮೊದಲು ಈ ಏರ್ಪಾಡು ಏನೆಂದು ನೋಡೋಣ.

ಹೆಸರಿನಲ್ಲೇ ಇದೆ ಅರ್ಥ

ಇದಕ್ಕೆ 'ಓಪೇರ್' ಎಂದು ಹೆಸರು. ಫ್ರೆಂಚ್ ಮಾತು. 'ಸರಿಸಮನಾಗಿ' ಎಂದು ಅರ್ಥ. ಒಂದು ದೇಶದ ಯುವತಿ ಅಥವಾ ಯುವಕ ಮತ್ತೊಂದು ದೇಶದ ಕುಟುಂಬದಲ್ಲಿ ಮನೆಯವರಲ್ಲೊಬ್ಬರಂತೆ ಇದ್ದು, ಅವರ ಜೊತೆಯಲ್ಲೇ ಉಂಡು, ಅವರ ಭಾಷೆ ಕಲಿಯುವುದು. ಅದಕ್ಕೆ ಪ್ರತಿಯಾಗಿ ಮಕ್ಕಳನ್ನು ನೋಡಿಕೊಂಡು, ಸಣ್ಣಪುಟ್ಟ ಮನೆಗೆಲಸಕ್ಕೆ ಕೈಜೋಡಿಸುವುದು. ಕೊಡುವುದು ಪಡೆಯುವುದು ಎರಡೂ ಸಮನಾಗಿರಬೇಕು ಎಂಬುದು ಆ ಹೆಸರಿನ ಹಿಂದಿನ ಆಶಯ.

ಯೂರೋಪಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಈ ಪದ್ಧತಿ ಬಹಳ ಬೆಳೆಯಿತು. ಮಧ್ಯಮವರ್ಗದ ಮನೆಗಳಲ್ಲಿ ಕಾಯಂ ಆಳುಗಳನ್ನು ಇಟ್ಟುಕೊಳ್ಳುವ ಕಾಲ ಮುಗಿದಿತ್ತು. ಪಕ್ಕದ ದೇಶದ ಭಾಷೆ ಕಲಿಯಬೇಕೆಂಬ ಆಸೆಯ, ಆದರೆ ಕೈಯಲ್ಲಿ ಕಾಸಿಲ್ಲದ ಹುಡುಗಿಯರು ಬೇಕಾದಷ್ಟಿದ್ದರು. ಇಬ್ಬರಿಗೂ ಇದು ಅನುಕೂಲವಾಯಿತು. ಅನುಕೂಲ ಎಂಬುದು ಬಲವಿದ್ದವನ ಕಡೆಗೆ ವಾಲುವುದು ಸಹಜ. ಆದ್ದರಿಂದ ಯೂರೋಪಿನ ದೇಶಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಯೂರೋಪ್ 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಓಪೇರ್‌ಗಳ ಬಗ್ಗೆಯೇ ಒಂದು ಒಪ್ಪಂದವನ್ನು ರೂಪಿಸಿತು. ಕೆಲಸ ದಿನಕ್ಕೆ 5 ಗಂಟೆ ಮೀರಬಾರದು, ವಾರಕ್ಕೆ ಒಂದು ಪೂರ್ಣ ದಿನವಾದರೂ ರಜೆ ಇರಬೇಕು, ಭಾಷೆಯ ತರಗತಿಗೆ ಹೋಗಲು ಬಿಡುವು ಕೊಡಬೇಕು, ಎಲ್ಲವೂ ಬರಹದಲ್ಲಿರಬೇಕು ಎಂದು ಅದು ಹೇಳಿತು.

ಆ ಒಪ್ಪಂದದ ಪೀಠಿಕೆಯಲ್ಲಿ ಒಂದು ಮಾತು ಬರುತ್ತದೆ. ಓಪೇರ್ ಆಗಿ ಬಂದವರು ವಿದ್ಯಾರ್ಥಿಗಳ ಗುಂಪಿಗೂ ಸೇರುವುದಿಲ್ಲ, ಕೆಲಸಗಾರರ ಗುಂಪಿಗೂ ಸೇರುವುದಿಲ್ಲ. ಎರಡರ ಗುಣವೂ ಇರುವ ಬೇರೆಯೇ ಒಂದು ವರ್ಗ ಅವರದು ಎಂದು. ಈ ಏರ್ಪಾಡಿನ ಒಳ್ಳೆಯದೂ ಕೆಟ್ಟದ್ದೂ ಹುಟ್ಟುವುದು ಈ ನಡುವಿನ ಜಾಗದಿಂದಲೇ.

ಜರ್ಮನಿಯ ಕಟ್ಟಳೆಗಳು

ಪತ್ರ ಬರೆದ ತಾಯಿಯ ಮಗಳು ಹೋಗಬೇಕೆಂದಿರುವುದು ಜರ್ಮನಿಗೆ. ನಮ್ಮವರು ಓಪೇರ್ ಆಗಿ ಹೋಗಲು ದಾರಿ ತೆರೆದಿರುವ ದೇಶಗಳಲ್ಲಿ ಅದೊಂದು. ಅಲ್ಲಿನ ನಿಯಮಗಳನ್ನು ತಂದೆತಾಯಿಯರು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ.

ವಯಸ್ಸು 18 ತುಂಬಿರಬೇಕು. ವೀಸಾಕ್ಕೆ ಅರ್ಜಿ ಹಾಕುವಾಗ 27 ಆಗಿರಬಾರದು. ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಈ ಅವಕಾಶ ಜೀವನದಲ್ಲಿ ಒಂದೇ ಸಲ. ಜರ್ಮನ್ ಭಾಷೆಯ ಮೊದಲ ಮೆಟ್ಟಿಲಾದ ಎ1 ಮಟ್ಟ ಗೊತ್ತಿರಬೇಕು. ಹೋಗುವ ಮನೆಯಲ್ಲಿ 18 ವರ್ಷದೊಳಗಿನ ಮಕ್ಕಳಿರಬೇಕು, ಮನೆಮಾತು ಜರ್ಮನ್ ಆಗಿರಬೇಕು, ಮತ್ತು ಆ ಮನೆಯವರು ನಮ್ಮ ನೆಂಟರಾಗಿರಬಾರದು. 'ನಮ್ಮ ಚಿಕ್ಕಪ್ಪ ಫ್ರಾಂಕ್‌ಫರ್ಟ್‌ನಲ್ಲಿದ್ದಾರೆ, ಅಲ್ಲಿಗೇ ಹೋಗುತ್ತೇನೆ' ಎಂದರೆ ನಡೆಯುವುದಿಲ್ಲ.

ಕೆಲಸ ಸಾಮಾನ್ಯವಾಗಿ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ಮೀರುವಂತಿಲ್ಲ. ಗಂಡಹೆಂಡತಿ ಸಿನಿಮಾಕ್ಕೆ ಹೋದಾಗ ಮಲಗಿದ ಮಗುವನ್ನು ಕಾಯುತ್ತಾ ಕುಳಿತಿರುವುದೂ ಈ 30 ಗಂಟೆಯ ಲೆಕ್ಕಕ್ಕೇ ಸೇರುತ್ತದೆ. ವಾರಕ್ಕೆ ಒಂದೂವರೆ ದಿನ ಬಿಡುವು. ತಿಂಗಳಿಗೆ ಒಂದಾದರೂ ಭಾನುವಾರ ಪೂರ್ತಿ ರಜೆ. ವಾರದಲ್ಲಿ ನಾಲ್ಕು ಸಂಜೆಯಾದರೂ ಅವಳ ಪಾಲಿನವು. ವರ್ಷ ಪೂರ್ತಿ ಇದ್ದರೆ ನಾಲ್ಕು ವಾರ ಸಂಬಳಸಹಿತ ರಜೆ ಎನ್ನೋಣ. 'ಸಂಬಳ' ಎಂಬ ಮಾತನ್ನು ಮಾತ್ರ ಅವರು ಬಳಸುವುದಿಲ್ಲ, 'ಕೈಖರ್ಚಿನ ಹಣ' ಎನ್ನುತ್ತಾರೆ. ಮಲಗಲು ಆ ಮನೆಯೊಳಗೇ ಅವಳದೇ ಕೋಣೆ. ಊಟ ಮನೆಯವರದು. ಕಾಯಿಲೆ ಮತ್ತು ಅಪಘಾತದ ವಿಮೆಯನ್ನೂ ಮನೆಯವರೇ ಕಟ್ಟಬೇಕು.

ಏನೇನು ಮಾಡಬೇಕು? ಮಕ್ಕಳನ್ನು ಎಬ್ಬಿಸಿ ತಿಂಡಿ ಕೊಡುವುದು, ಬಾಲವಾಡಿಗೋ ಶಾಲೆಗೋ ಬಿಟ್ಟು ಕರೆತರುವುದು, ಆಟ ಆಡಿಸುವುದು, ಅವರ ಬಟ್ಟೆ ಒಗೆದು ಇಸ್ತ್ರಿ ಮಾಡುವುದು, ಸರಳವಾದ ಅಡುಗೆ, ಮನೆ ಓರಣವಾಗಿಡಲು ನೆರವು. ಮನೆಯಲ್ಲಿರುವ ವೃದ್ಧರ ಅಥವಾ ರೋಗಿಗಳ ಆರೈಕೆ ಅವಳ ಕೆಲಸವಲ್ಲ. ತಂದೆಯ ಪ್ರಶ್ನೆಗೆ ಇಷ್ಟು ಉತ್ತರ: ಪಾತ್ರೆ ತೊಳೆಯುವುದುಂಟು, ಆ ಮನೆಯ ಗಂಡಸೂ ತೊಳೆಯುತ್ತಾನೆ. ದಿನವಿಡೀ ಪಾತ್ರೆ, ಕಸ, ಕಕ್ಕಸು ಎಂದು ಅವಳೊಬ್ಬಳಿಗೇ ಹೊರಿಸಿದರೆ ಅದು ಓಪೇರ್ ಆಗುವುದಿಲ್ಲ.

ದುಡ್ಡಿನ ಲೆಕ್ಕ

2024ರಲ್ಲಿ ಕೈಖರ್ಚಿನ ಹಣ ತಿಂಗಳಿಗೆ 280 ಯೂರೋ ಇತ್ತು. ಭಾಷೆಯ ತರಗತಿಗೆಂದು ಮನೆಯವರು ತಿಂಗಳಿಗೆ 70 ಯೂರೋ ಬೇರೆ ಕೊಡಬೇಕಿತ್ತು. ಲೆಕ್ಕದ ಅನುಕೂಲಕ್ಕೆ ಒಂದು ಯೂರೋಗೆ 100 ರೂಪಾಯಿ ಎಂದುಕೊಂಡರೆ ಕೈಗೆ ಬರುವುದು 28,000 ರೂಪಾಯಿ. ಹಾಸನದಲ್ಲಿ ಕುಳಿತು ನೋಡಿದರೆ ದೊಡ್ಡ ಮೊತ್ತ. ಅಲ್ಲಿ ನಿಂತು ನೋಡಿ. ಅದೇ 2024ರಲ್ಲಿ ಜರ್ಮನಿಯ ಕನಿಷ್ಠ ಕೂಲಿ ಗಂಟೆಗೆ 12.41 ಯೂರೋ. ವಾರಕ್ಕೆ 30 ಗಂಟೆಯಂತೆ ತಿಂಗಳಿಗೆ ಸುಮಾರು 130 ಗಂಟೆ ದುಡಿದ ಓಪೇರ್‌ಗೆ ಕೈಖರ್ಚಿನ ಹಣ ಗಂಟೆಗೆ ಎರಡು ಯೂರೋ ಚಿಲ್ಲರೆ ಬೀಳುತ್ತದೆ. ಊಟ, ವಸತಿ, ವಿಮೆ ಅದಕ್ಕೆ ಸೇರಿಸಿಕೊಳ್ಳಬೇಕು, ನಿಜ. ಆದರೂ ಇದು ಸಂಪಾದನೆಯ ದಾರಿ ಎಂದು ಯಾರೂ ಭಾವಿಸಬಾರದು.

ವಿಮಾನದ ಖರ್ಚು ಸಾಮಾನ್ಯವಾಗಿ ಹೋಗುವವರದೇ. ವೀಸಾ ಶುಲ್ಕ, ಭಾಷಾ ಪರೀಕ್ಷೆ, ಚಳಿಗಾಲದ ಕೋಟು, ಬೂಟು ಎಲ್ಲ ಸೇರಿಸಿದರೆ ವರ್ಷದ ಕೊನೆಯಲ್ಲಿ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಸಾಲ ತೆಗೆದು ಕಳಿಸಿ, 'ಅವಳು ಹೋಗಿ ತೀರಿಸುತ್ತಾಳೆ' ಎಂದುಕೊಂಡಿರುವ ತಂದೆತಾಯಿಯರಿಗೆ ನನ್ನ ಕಳಕಳಿಯ ಮಾತು: ದಯವಿಟ್ಟು ಹಾಗೆ ಮಾಡಬೇಡಿ. ಸಾಲ ಹೊತ್ತು ಹೋದ ಹುಡುಗಿ ಆ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಬಾಯಿ ಬಿಡುವುದಿಲ್ಲ, ಬಿಟ್ಟು ಬರುವುದೂ ಇಲ್ಲ.

ಏಜೆಂಟರ ವಿಷಯವೂ ಇಲ್ಲೇ ಬರಲಿ. ಜರ್ಮನಿಯ ನಿಯಮದಂತೆ ಅಲ್ಲಿನ ಮಧ್ಯವರ್ತಿ ಸಂಸ್ಥೆ ಓಪೇರ್‌ನಿಂದ ಗರಿಷ್ಠ 150 ಯೂರೋ ಮಾತ್ರ ಪಡೆಯಬಹುದು. ಇಲ್ಲಿ ಒಂದು ಲಕ್ಷ, ಎರಡು ಲಕ್ಷ ಕೇಳುವವನು ಏತಕ್ಕಾಗಿ ಕೇಳುತ್ತಾನೆ ಎಂದು ಬರಹದಲ್ಲಿ ಕೊಡಲು ಹೇಳಿ. ಕೊಡದಿದ್ದರೆ ಎದ್ದು ಬನ್ನಿ. 'ಹೋದ ಮೇಲೆ ಕೆಲಸ ಗ್ಯಾರಂಟಿ, ಪೌರತ್ವ ಗ್ಯಾರಂಟಿ' ಎನ್ನುವವನ ಅಂಗಡಿಯ ಮೆಟ್ಟಿಲನ್ನಂತೂ ಹತ್ತಲೇಬೇಡಿ. ಜರ್ಮನಿಯಲ್ಲಿ ಓಪೇರ್ ಸಂಸ್ಥೆಗಳಿಗೆಂದೇ ಒಂದು ಗುಣಮಟ್ಟದ ಮುದ್ರೆ ಇದೆ, 'ರಾಲ್' ಎಂದು ಕರೆಯುತ್ತಾರೆ. ಅದಿದೆಯೇ ಎಂದು ಕೇಳುವುದು ಒಳ್ಳೆಯದು.

ಹೊಂದಿಕೊಂಡು ಹೋಗು ಪುಟ್ಟಿ

ಇಷ್ಟೆಲ್ಲ ನಿಯಮಗಳಿದ್ದ ಮೇಲೆ ಚಿಂತೆ ಏಕೆ ಎನ್ನಬಹುದು. ನಿಯಮ ಇರುವುದು ಕಾಗದದಲ್ಲಿ, ಬದುಕು ನಡೆಯುವುದು ಅಡುಗೆಮನೆಯಲ್ಲಿ.

ನನಗೆ ಪರಿಚಯದ ಹುಡುಗಿಯೊಬ್ಬಳು, ಶಿವಮೊಗ್ಗದ ಕಡೆಯವಳು, ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿಗೆ ಓಪೇರ್ ಆಗಿ ಹೋಗಿದ್ದಳು. ಮೂರು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ಬೆಳಿಗ್ಗೆ ಆರೂವರೆಗೆ ಎದ್ದು ಬ್ರೆಡ್ಡು, ಹಣ್ಣು ಹೆಚ್ಚಿ ಡಬ್ಬಿಗೆ ತುಂಬುವುದು. ದೊಡ್ಡವನನ್ನು ಶಾಲೆಗೆ, ಚಿಕ್ಕವಳನ್ನು ಕಿಂಡರ್‌ಗಾರ್ಟನ್‌ಗೆ ಬಿಡುವುದು. ಆಮೇಲೆ ಊರಿನ ವಯಸ್ಕರ ಶಿಕ್ಷಣ ಶಾಲೆಯಲ್ಲಿ ಭಾಷೆಯ ತರಗತಿ. ಎರಡು ಗಂಟೆಗೆ ಮಕ್ಕಳನ್ನು ಕರೆತಂದರೆ ಸಂಜೆವರೆಗೆ ಅವರ ಜೊತೆ. ಮಳೆಯಿರಲಿ ಚಳಿಯಿರಲಿ ಮಕ್ಕಳನ್ನು ಹೊರಗೆ ಆಡಲು ಬಿಡಬೇಕು. 'ನೆಗಡಿಯಾಗುತ್ತೆ ಒಳಗೆ ಬನ್ನಿ' ಎಂದು ಕೂಗುವುದನ್ನು ನಿಲ್ಲಿಸಲು ತನಗೆ ಒಂದು ತಿಂಗಳು ಹಿಡಿಯಿತು ಎಂದು ನಗುತ್ತಾಳೆ. ರಾತ್ರಿ ಊಟವೆಂದರೆ ತಣ್ಣನೆಯ ಬ್ರೆಡ್ಡು, ಚೀಸು, ಸೌತೆಕಾಯಿ. ಏಳೂವರೆಗೆ ಮಕ್ಕಳು ಹಾಸಿಗೆಯಲ್ಲಿ. ಮೊದಲ ವಾರ ಅನ್ನ ಸಾರಿಗಾಗಿ ಅತ್ತಳಂತೆ. ಆಮೇಲೆ ಮನೆಯಾಕೆಯೇ ಅಕ್ಕಿ ತಂದಿಟ್ಟಳು.

ಎರಡನೆಯ ತಿಂಗಳಿಂದ ಕೆಲಸ ಒಂದೊಂದಾಗಿ ಸೇರತೊಡಗಿತು. ಮಕ್ಕಳ ಬಟ್ಟೆಯ ಜೊತೆಗೆ ಯಜಮಾನರ ಅಂಗಿಗೂ ಇಸ್ತ್ರಿ. ಶನಿವಾರ ಬೆಳಿಗ್ಗೆ 'ಒಂದೇ ಗಂಟೆ' ಎಂದು ಶುರುವಾದದ್ದು ಮಧ್ಯಾಹ್ನದವರೆಗೆ. ನೆಂಟರು ಬಂದಾಗ ಹನ್ನೆರಡು ಜನರ ತಟ್ಟೆ. ಯಾರೂ ಗದರಿಸಲಿಲ್ಲ. ಪ್ರತಿ ಸಲವೂ 'ಸಾಧ್ಯವಾದರೆ ಮಾಡುತ್ತೀಯಾ?' ಎಂದು ನಯವಾಗಿಯೇ ಕೇಳುತ್ತಿದ್ದರು. ಇವಳು ಪ್ರತಿ ಸಲವೂ 'ಆಗಲಿ' ಎನ್ನುತ್ತಿದ್ದಳು. ಭಾಷೆಯ ತರಗತಿ ತಪ್ಪತೊಡಗಿತು. ಊರಿಗೆ ಫೋನು ಮಾಡಿ ಹೇಳಿಕೊಂಡರೆ ಅಮ್ಮ ಅಂದದ್ದು ಇಷ್ಟು: 'ಸ್ವಲ್ಪ ಹೊಂದ್ಕೊಂಡು ಹೋಗು ಪುಟ್ಟಿ. ಬೇರೆಯವರ ಮನೆ. ಎದುರು ಮಾತಾಡ್ಬೇಡ.'

ತರಗತಿಯಲ್ಲಿ ಇವಳ ಪಕ್ಕ ಕೂರುತ್ತಿದ್ದವಳು ಕೊಲಂಬಿಯಾ ದೇಶದ ಇನ್ನೊಬ್ಬಳು ಓಪೇರ್. ಅವಳು ಒಂದು ಸಣ್ಣ ನೋಟ್‌ಬುಕ್ಕು ಕೊಟ್ಟು, 'ಎರಡು ವಾರ ಗಂಟೆ ಬರೆದಿಡು' ಎಂದಳು. ಬರೆದಳು. ಮೊದಲ ವಾರ 41 ಗಂಟೆ, ಎರಡನೆಯ ವಾರ 43. ಮೂರು ದಿನ ಹೆದರಿ, ನಾಲ್ಕನೆಯ ದಿನ ಆ ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟು, ಬಾರದ ಜರ್ಮನ್‌ನಲ್ಲಿ ತಡವರಿಸುತ್ತಾ ಹೇಳಿದಳು. ಮನೆಯಾಕೆಯ ಮುಖ ಕೆಂಪಾಯಿತಂತೆ. ಆಮೇಲೆ ಅವಳು ಹೇಳಿದ್ದು: 'ನೀನು ಒಂದು ದಿನವೂ ಹೇಳಲಿಲ್ಲವಲ್ಲ! ಖುಷಿಯಿಂದ ಮಾಡುತ್ತಿದ್ದೀಯಾ ಅಂದುಕೊಂಡಿದ್ದೆ.' ಮರುದಿನ ಫ್ರಿಜ್ಜಿನ ಬಾಗಿಲ ಮೇಲೆ ವಾರದ ವೇಳಾಪಟ್ಟಿ ಅಂಟಿಸಲಾಗಿತ್ತು.

ಈ ಘಟನೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅನ್ಯಾಯ ಮಾತ್ರ ಇದೆ. ನಮ್ಮಲ್ಲಿ ಹಿರಿಯರು ಕೇಳಿದರೆ 'ಆಗುವುದಿಲ್ಲ' ಎನ್ನುವುದು ಒರಟುತನ. ಕೇಳಿದವರೇ ಇವಳ ಮುಖ ನೋಡಿ ಅರ್ಥಮಾಡಿಕೊಳ್ಳಬೇಕು ಎಂದು ನಾವು ನಿರೀಕ್ಷಿಸುತ್ತೇವೆ. ಅವರಲ್ಲಿ ಆಗದಿದ್ದರೆ ಬಾಯಿಬಿಟ್ಟು ಹೇಳುವುದೇ ಮರ್ಯಾದೆ. ಹೇಳದಿದ್ದರೆ ಒಪ್ಪಿಗೆಯಿದೆ ಎಂದೇ ಲೆಕ್ಕ. ದಿನದ ಕೆಲಸ ಮುಗಿದ ನಂತರದ ಹೊತ್ತಿಗೆ ಜರ್ಮನ್ನರಲ್ಲಿ 'ಫೈಯರ್‌ಆಬೆಂಡ್' ಎಂಬ ಒಂದು ಪದವೇ ಇದೆ. ಆ ಮಾತು ಹೇಳಿ ಎದ್ದವರನ್ನು ಅಲ್ಲಿ ಯಾರೂ ಸೋಮಾರಿ ಎನ್ನುವುದಿಲ್ಲ.

ಎಲ್ಲರ ಕಥೆಯೂ ಹೀಗೆ ಸುಖಾಂತವಾಗುವುದಿಲ್ಲ. ವೇಳಾಪಟ್ಟಿಯ ಮಾತೆತ್ತಿದ ಕೂಡಲೆ 'ನಿನ್ನನ್ನು ಮನೆ ಮಗಳ ಹಾಗೆ ನೋಡಿಕೊಂಡೆವಲ್ಲ, ಮಗಳು ಗಂಟೆ ಲೆಕ್ಕ ಹಾಕುತ್ತಾಳೆಯೇ?' ಎನ್ನುವ ಮನೆಗಳೂ ಇವೆ. ಅಂಥ ಮನೆ ಬದಲಾಯಿಸಲು ಅವಕಾಶವಿದೆ. ಸಾಮಾನ್ಯವಾಗಿ ಎರಡು ವಾರ ಮೊದಲು ತಿಳಿಸಿ ಒಪ್ಪಂದ ಮುಗಿಸಬಹುದು. ಬೇರೆ ಕುಟುಂಬ ಹುಡುಕಿಕೊಂಡು, ವಿದೇಶೀಯರ ಕಚೇರಿಗೆ ತಿಳಿಸಿ ಉಳಿದ ಅವಧಿಯನ್ನು ಅಲ್ಲಿ ಕಳೆಯಬಹುದು. ಹೊಡೆತ, ಅನುಚಿತ ವರ್ತನೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಇಂಥದ್ದೇನಾದರೂ ಆದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ತುರ್ತು ಸಂಖ್ಯೆ 112. ಬರ್ಲಿನ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ. ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ.

ಬೇರೆ ದೇಶಗಳ ಪಾಠ

ಈ ನಡುವಿನ ಜಾಗದ ತೊಂದರೆ ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ರೀತಿಯಲ್ಲಿ ಅರಿವಾಗಿದೆ.

ಅಮೆರಿಕ 1986ರಲ್ಲಿ ಓಪೇರ್ ಯೋಜನೆ ಆರಂಭಿಸಿತು. ಅಲ್ಲಿ ವಾರಕ್ಕೆ 45 ಗಂಟೆಯವರೆಗೂ ಮಕ್ಕಳನ್ನು ನೋಡಿಕೊಳ್ಳಬೇಕು. ಅದಕ್ಕೆ ಬಹುಕಾಲ ಸಿಗುತ್ತಿದ್ದುದು ವಾರಕ್ಕೆ 195.75 ಡಾಲರ್. ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್‌ನಂತೆ ಲೆಕ್ಕ ಹಾಕಿ, ಅದರಲ್ಲಿ ಶೇಕಡ 40ರಷ್ಟನ್ನು ಊಟ ವಸತಿಗೆಂದು ಕಳೆದು ಬಂದ ಮೊತ್ತ ಅದು. ಇದು ಕನಿಷ್ಠ ಮೊತ್ತ, ಇದಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ. ಆದರೆ ಸಂಸ್ಥೆಗಳೆಲ್ಲ ಸೇರಿಕೊಂಡು ಇಷ್ಟೇ ದರವೆಂಬಂತೆ ನಡೆಸಿದವು ಎಂದು 2014ರಲ್ಲಿ ಕೊಲರಾಡೊದಲ್ಲಿ ಮೊಕದ್ದಮೆ ಹೂಡಲಾಯಿತು. 2019ರಲ್ಲಿ 15 ಸಂಸ್ಥೆಗಳು ಒಟ್ಟು 6 ಕೋಟಿ 55 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾದವು. ಅದು ಸುಮಾರು ಒಂದು ಲಕ್ಷ ಓಪೇರ್‌ಗಳಿಗೆ ಸಂಬಂಧಿಸಿದ ರಾಜಿ. ಅವರು ಒಬ್ಬೊಬ್ಬರೇ ಒಂದೊಂದು ಅಡುಗೆಮನೆಯಲ್ಲಿ ನಿಂತಿದ್ದಾಗ ಇದು ಸಾಧ್ಯವಿರಲಿಲ್ಲ.

ಫಿಲಿಪ್ಪೀನ್ಸ್ ಸರ್ಕಾರ ತನ್ನ ಹುಡುಗಿಯರ ದುಡಿಮೆಯ ದುರುಪಯೋಗವಾಗುತ್ತಿದೆ ಎಂಬ ದೂರುಗಳ ನಂತರ 1998ರಲ್ಲಿ ಯೂರೋಪಿಗೆ ಓಪೇರ್ ಆಗಿ ಹೋಗುವುದನ್ನೇ ನಿಷೇಧಿಸಿತು. ಆ ನಿಷೇಧ ಪೂರ್ತಿ ತೆರವಾದದ್ದು 2012ರಲ್ಲಿ. ಬ್ರಿಟನ್ 2008ರಲ್ಲಿ ಓಪೇರ್ ವೀಸಾವನ್ನು ಕೈಬಿಟ್ಟಿತು. ನಾರ್ವೆ 2024ರ ಮಾರ್ಚ್‌ನಲ್ಲಿ ಯೂರೋಪಿನ ಆರ್ಥಿಕ ವಲಯದ ಹೊರಗಿನವರಿಗೆ ಈ ಬಾಗಿಲನ್ನು ಮುಚ್ಚಿತು. ಸಂಸ್ಕೃತಿ ವಿನಿಮಯದ ಹೆಸರಿನಲ್ಲಿ ಅಗ್ಗದ ಮನೆಗೆಲಸ ನಡೆಯುತ್ತಿದೆ ಎಂಬುದು ಅಲ್ಲಿ ಬಹಳ ವರ್ಷಗಳಿಂದ ಕೇಳಿಬರುತ್ತಿದ್ದ ಟೀಕೆ.

ಮಗುವಿನ ಜವಾಬ್ದಾರಿ

ಹೋಗುವ ಹುಡುಗಿಯ ಹಕ್ಕಿನ ಬಗ್ಗೆ ಇಷ್ಟು ಹೇಳಿ, ಅವಳ ಹೊಣೆಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬೇರೆಯವರ ಮಗುವನ್ನು ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಅಮೆರಿಕದ ನಿಯಮದಂತೆ ಎರಡು ವರ್ಷದೊಳಗಿನ ಮಗುವಿರುವ ಮನೆಗೆ ಹೋಗುವವರಿಗೆ ಎಳೆಯ ಮಕ್ಕಳನ್ನು 200 ಗಂಟೆ ನೋಡಿಕೊಂಡ ಅನುಭವ ದಾಖಲಾಗಿರಬೇಕು. ಮೂರು ತಿಂಗಳೊಳಗಿನ ಕೂಸನ್ನು ಓಪೇರ್ ಒಬ್ಬಳ ಕೈಗೇ ಬಿಡುವಂತಿಲ್ಲ. ಮನೆಯಲ್ಲಿ ತಮ್ಮ ತಂಗಿಯನ್ನು ಎತ್ತಿ ಆಡಿಸಿದ್ದೇನೆ ಎಂಬುದು ಸಾಲದು. ಊರಿನ ಅಂಗನವಾಡಿಯಲ್ಲೋ ನರ್ಸರಿ ಶಾಲೆಯಲ್ಲೋ ಎರಡು ಮೂರು ತಿಂಗಳು ಕೆಲಸ ಮಾಡಿ ಪತ್ರ ಪಡೆಯಿರಿ, ಪ್ರಥಮ ಚಿಕಿತ್ಸೆ ಕಲಿಯಿರಿ. ಅರ್ಜಿಗೂ ಬಲ, ನಿಮಗೂ ಧೈರ್ಯ.

ಒಂದು ಮುಖ್ಯ ಮಾತು. ಜರ್ಮನಿಯಲ್ಲಿ ಮಗುವಿಗೆ ಹೊಡೆಯುವುದು ಕಾನೂನಿಗೆ ವಿರುದ್ಧ. 2000ನೇ ಇಸವಿಯಿಂದ ತಂದೆತಾಯಿಗೇ ಆ ಅಧಿಕಾರವಿಲ್ಲ, ಇನ್ನು ಓಪೇರ್‌ಗೆ ಎಲ್ಲಿಯದು? ನಮ್ಮಲ್ಲಿ ಪ್ರೀತಿಯಿಂದಲೇ ಬೆನ್ನಿಗೆ ಒಂದು ಗುದ್ದುತ್ತೇವಲ್ಲ, ಅದೂ ಸಲ್ಲದು. ಹಠ ಮಾಡುವ ಮಗುವಿನ ಎದುರು ಮಂಡಿಯೂರಿ ಕುಳಿತು ಮಾತಾಡುವ ತಾಳ್ಮೆ ಇದೆಯೇ ಎಂದು ಹೊರಡುವ ಮೊದಲೇ ತಮ್ಮನ್ನು ತಾವು ಕೇಳಿಕೊಳ್ಳಬೇಕು. ಇಲ್ಲವೆಂದರೆ ಈ ದಾರಿ ಬೇಡ, ವಿದೇಶಕ್ಕೆ ಹೋಗಲು ಬೇರೆ ದಾರಿಗಳಿವೆ.

ವರ್ಷದ ನಂತರ ಏನು?

ಸಿಗುವುದರಲ್ಲಿ ಬೆಲೆಯುಳ್ಳದ್ದು ಭಾಷೆ. ಮಕ್ಕಳ ಜೊತೆ ವರ್ಷ ಕಳೆದವರ ಜರ್ಮನ್ ತರಗತಿಯಲ್ಲಷ್ಟೇ ಕಲಿತವರ ಜರ್ಮನ್‌ಗಿಂತ ಬೇರೆಯೇ ಇರುತ್ತದೆ. ಮಕ್ಕಳು ತಪ್ಪನ್ನು ಮುಲಾಜಿಲ್ಲದೆ ತಿದ್ದುತ್ತಾರೆ. ಅದರ ಬಲದ ಮೇಲೆ ಕೆಲವರು 'ಆಉಸ್‌ಬಿಲ್ಡುಂಗ್' ಎಂಬ ವೃತ್ತಿಶಿಕ್ಷಣಕ್ಕೆ, ಉದಾಹರಣೆಗೆ ನರ್ಸಿಂಗ್ ತರಬೇತಿಗೆ, ಸೇರುತ್ತಾರೆ. ಕೆಲವರು ವಿಶ್ವವಿದ್ಯಾಲಯದ ಓದಿಗೆ ಅರ್ಜಿ ಹಾಕುತ್ತಾರೆ. ಕೆಲವರು ಊರಿಗೆ ಮರಳಿ ಭಾಷೆ ಕಲಿಸುತ್ತಾರೆ, ಅನುವಾದಕ್ಕೆ ಇಳಿಯುತ್ತಾರೆ. ಆದರೆ ಓಪೇರ್ ವೀಸಾ ತಾನಾಗಿ ಯಾವುದಕ್ಕೂ ಮುಂದುವರಿಯುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಅರ್ಹತೆ. ಆದ್ದರಿಂದ ಭಾಷೆಯ ತರಗತಿ ತಪ್ಪಿಸಿದ ಓಪೇರ್ ತಾನು ಬಂದ ಕಾರಣವನ್ನೇ ಕಳೆದುಕೊಂಡಂತೆ.

ಈ ಅವಕಾಶ ಗಂಡುಮಕ್ಕಳಿಗೂ ಇದೆ ಎಂಬುದನ್ನು ಮರೆಯಬೇಡಿ. ಅಕ್ಕತಂಗಿಯರ ಮಕ್ಕಳನ್ನು ಎತ್ತಿಕೊಳ್ಳಲೂ ಹಿಂಜರಿಯುವ ನಮ್ಮ ಹುಡುಗರಿಗೆ ಒಂದು ವರ್ಷದ ಈ ಶಿಕ್ಷಣ ಬೇಡವೆನ್ನಲಾರೆ.

ಹೊರಡುವ ಮೊದಲು

ವೀಸಾ ಅರ್ಜಿ ಹಾಕುವ ಮೊದಲೇ ಮನೆಯವರ ಜೊತೆ ಮೂರು ನಾಲ್ಕು ಸಲವಾದರೂ ವೀಡಿಯೋ ಕರೆಯಲ್ಲಿ ಮಾತಾಡಬೇಕು. ಒಂದು ಸಲ ತಂದೆತಾಯಿಯೂ ಪಕ್ಕದಲ್ಲಿ ಕುಳಿತಿರಲಿ, ಭಾಷೆ ಬಾರದಿದ್ದರೂ ಮುಖ ನೋಡಬಹುದಲ್ಲ. ಕೇಳಬೇಕಾದ ಪ್ರಶ್ನೆಗಳು ಇವು: ಒಂದು ಸಾಮಾನ್ಯ ಮಂಗಳವಾರ ಬೆಳಗಿನಿಂದ ರಾತ್ರಿಯವರೆಗೆ ನನ್ನ ದಿನ ಹೇಗಿರುತ್ತದೆ? ನನ್ನ ಕೋಣೆ ತೋರಿಸುತ್ತೀರಾ? ಭಾಷೆಯ ತರಗತಿ ಎಷ್ಟು ದೂರ, ಬಸ್ಸಿದೆಯೇ? ಇದಕ್ಕೆ ಮೊದಲು ಓಪೇರ್ ಇದ್ದರೆ ಅವರ ಜೊತೆ ಮಾತಾಡಬಹುದೇ? ನಾನು ಸಸ್ಯಾಹಾರಿ, ನಿಮಗೆ ತೊಂದರೆಯೇ? ಹಳೆಯ ಓಪೇರ್ ಜೊತೆ ಮಾತಾಡಿಸಲು ಹಿಂದೇಟು ಹಾಕುವ ಮನೆಯ ವಿಷಯದಲ್ಲಿ ಜಾಗ್ರತೆ.

ಒಪ್ಪಂದದ ಪ್ರತಿ ಒಂದು ಅವಳ ಬಳಿ, ಒಂದು ನಿಮ್ಮ ಬಳಿ ಇರಲಿ. ಪಾಸ್‌ಪೋರ್ಟ್ ಯಾವತ್ತೂ ಅವಳ ಕೈಯಲ್ಲೇ ಇರಲಿ. ವಾಪಸು ಬರುವ ಟಿಕೆಟ್ಟಿನಷ್ಟು ಹಣವನ್ನು ಅವಳ ಹೆಸರಿನಲ್ಲಿ ಬೇರೆಯೇ ತೆಗೆದಿಡಿ, ಮತ್ತು ಅದು ಇದೆಯೆಂದು ಅವಳಿಗೆ ಹೇಳಿ. ಬೇಡವೆನಿಸಿದ ದಿನ ಹೊರಟು ಬರಬಹುದು ಎಂದು ತಿಳಿದವಳು ಮಾತ್ರ ಧೈರ್ಯವಾಗಿ ಉಳಿಯಬಲ್ಲಳು.

ಇನ್ನು ಆ ತಾಯಿಯ ಪ್ರಶ್ನೆ: ಮನೆ ಮಗಳ ಹಾಗೆ ನೋಡಿಕೊಳ್ಳುತ್ತಾರೆಯೇ?

ಅಮ್ಮಾ, ಆ ಮಾತು ನಮಗೂ ಹೊಸದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹಳ್ಳಿಯಿಂದ ಕರೆತಂದ ಹುಡುಗಿಯೊಬ್ಬಳು ಇರುತ್ತಿದ್ದಳು. 'ಕೆಲಸದವಳಲ್ಲ, ಮನೆ ಮಗಳ ಹಾಗೆ' ಎಂದು ಬಂದವರಿಗೆ ಹೇಳುತ್ತಿದ್ದೆವು. ಅವಳು ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದಳು, ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಳು. ಅವಳ ಕೆಲಸ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಮಗಳ ಹಾಗೆ ಎಂದ ಮೇಲೆ ಕೇಳುವುದೇನು? ನಿಮ್ಮ ಯಜಮಾನರಿಗೆ ಸಿಟ್ಟು ಬಂದದ್ದು ಬಹುಶಃ ಆ ಹುಡುಗಿಯ ಜಾಗದಲ್ಲಿ ತಮ್ಮ ಮಗಳನ್ನು ಕಂಡದ್ದರಿಂದ. ಆ ಸಿಟ್ಟು ನ್ಯಾಯವಾದದ್ದೇ.

ಆದ್ದರಿಂದ ಅವಳನ್ನು ಮನೆ ಮಗಳ ಹಾಗೆ ನೋಡಿಕೊಳ್ಳಲಿ ಎಂದು ಹಾರೈಸಬೇಡಿ. ಒಪ್ಪಿಕೊಂಡ ಮಾತಿನ ಹಾಗೆ ನಡೆಸಿಕೊಳ್ಳಲಿ ಎಂದು ಹಾರೈಸಿ. ಪ್ರೀತಿ ಬೆಳೆದರೆ ಬೆಳೆಯಲಿ, ಬೆಳೆಯುವುದೂ ಉಂಟು. ಶಿವಮೊಗ್ಗದ ಆ ಹುಡುಗಿಗೆ ಇವತ್ತಿಗೂ ಕ್ರಿಸ್‌ಮಸ್‌ಗೆ ಮಕ್ಕಳು ಬರೆದ ಚಿತ್ರ ಅಂಚೆಯಲ್ಲಿ ಬರುತ್ತದೆ. ಆದರೆ ಆ ಪ್ರೀತಿ ಹುಟ್ಟಿದ್ದು ಫ್ರಿಜ್ಜಿಗೆ ವೇಳಾಪಟ್ಟಿ ಅಂಟಿಸಿದ ಮೇಲೆ.

ನಿಮ್ಮ ಮಗಳನ್ನು ಕಳಿಸಬಹುದು. ಸಾಲ ಮಾಡದೆ, ಒಪ್ಪಂದ ಓದಿ, ಆ ಮನೆಯವರ ಮುಖ ನೋಡಿ ಕಳಿಸಿ. ಹೊರಡುವ ಹಿಂದಿನ ವಾರ ಉಪ್ಪಿನಕಾಯಿ, ಸಾರಿನಪುಡಿ ಕಟ್ಟಿಕೊಡುತ್ತೀರಲ್ಲ, ಅದರ ಜೊತೆಗೆ ಒಂದು ವಾಕ್ಯವನ್ನೂ ಕಟ್ಟಿಕೊಡಿ. ಅವಳು ನಿಮ್ಮೆದುರು ನಿಂತು, ತಲೆ ತಗ್ಗಿಸದೆ, ನಗುಮುಖದಲ್ಲೇ ಅದನ್ನು ಜರ್ಮನ್‌ನಲ್ಲಿ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಲಿ: 'ಇವತ್ತಿನ ನನ್ನ ಕೆಲಸ ಮುಗಿಯಿತು.' ಅವಳು ಫೋನು ಮಾಡಿ ಕಷ್ಟ ಹೇಳಿಕೊಂಡ ದಿನ 'ಹೊಂದಿಕೊಂಡು ಹೋಗು' ಎನ್ನುವ ಮೊದಲು, 'ಈ ವಾರ ಎಷ್ಟು ಗಂಟೆ ಆಯಿತು ಮಗಳೇ?' ಎಂದು ಕೇಳಿ.